ಲಕ್ಷದ ಕಂಪ್ಯೂಟರ್ ಯಾರಿಗೆ ಬೇಕು?

ಲಗ್ನದ ಹಂಗಾಮು ಬಂತೆಂದರೆ ಗದಗ-ಬೆಟಗೇರಿಯ ಪ್ರೆಸ್ಸುಗಳಲ್ಲಿ ಡಿಟಿಪಿ ಕುರ್ಚಿಗೆ ಬಿಡುವಿರುವುದಿಲ್ಲ. ಅಂಥ ಒಂದು ಪ್ರೆಸ್ಸಿನ ಹುಡುಗ ಹೊಸ ಕಂಪ್ಯೂಟರ್ ತರಲು ಹುಬ್ಬಳ್ಳಿಗೆ ಹೊರಟಿದ್ದ. "ಮೂವತ್ತ ಸಾವಿರದ್ದ ಸಾಕಾಗ್ತೈತೇನ್ರೀ ಸರ, ಇಲ್ಲಾ ಲಕ್ಷದ್ದ ಬೇಕೇನ್ರೀ?" ಎಂದ. ಬೆಲೆ ಇರಲಿ, ದಿನವಿಡೀ ಏನು ಮಾಡುತ್ತೀ ಎಂದು ಕೇಳಿದೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವುದು, ಫೋಟೊಶಾಪ್‌ನಲ್ಲಿ ವಧು-ವರರ ಫೋಟೊ ತಿದ್ದುವುದು.

ಅವನ ಹಳೆಯ ಯಂತ್ರ ತೆವಳುತ್ತಿದ್ದುದು ಹಾರ್ಡ್ ಡಿಸ್ಕ್‌ನಿಂದ. ನಿಮಿಷಕ್ಕೆ 7200 ಸಲ ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಓದುವ ಹೆಡ್ಡು ಸರಿಯಾದ ಸಾಲಿಗೆ ಹೋಗಲು 8-9 ಮಿಲಿಸೆಕೆಂಡ್, ಆಮೇಲೆ ಮಾಹಿತಿ ಅದರಡಿಗೆ ಬರಲು ಸರಾಸರಿ ಅರ್ಧ ಸುತ್ತು. ಅಲ್ಲಲ್ಲಿ ಚದುರಿದ ತುಣುಕುಗಳಾದರೆ ಸೆಕೆಂಡಿಗೆ ಸುಮಾರು 80 ಹೆಕ್ಕಬಹುದು. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ತುಣುಕು ಬೇಕು. ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಒಂದು ತುಣುಕು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಕೈಗೆ ಸಿಗುತ್ತದೆ. ಹಾಕುವ ಮೊದಲ ದುಡ್ಡು ಇಲ್ಲಿಗೇ ಹೋಗಬೇಕು, ಎರಡನೆಯದು ತೆರೆದಿಟ್ಟ ಕೆಲಸವನ್ನು ಹಿಡಿದಿಡುವ ಮೆಮರಿಯಾದ ರ‍್ಯಾಮ್‌ಗೆ.

ಪ್ರೊಸೆಸರ್‌ನದು ಬೇರೆ ಕಥೆ. ದುಬಾರಿ ಚಿಪ್ ಮತ್ತು ಅಗ್ಗದ ಚಿಪ್ ಎಷ್ಟೋ ಸಲ ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಅಣ್ಣ-ತಮ್ಮಂದಿರು. ಎಎಂಡಿಯ ರೈಜನ್ 5 5600ಎಕ್ಸ್‌ನ ಒಳಗಿರುವುದು ಎಂಟು ಕೋರಿನ, ಅಂದರೆ ಲೆಕ್ಕ ಮಾಡುವ ಎಂಟು ಘಟಕಗಳ ಚಿಪ್ಪೇ, ಎರಡನ್ನು ಮುಚ್ಚಿ ಆರೆಂದು ಮಾರಿದರು. ಮುಚ್ಚದೆ ಮಾರಿದರೆ ಅದು ರೈಜನ್ 7. ಆ ಎರಡು ಕೋರಿಗೆ ಹೆಚ್ಚು ಕೊಡುವ ಮುನ್ನ 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ತೋರಿಸಿದ ಲೆಕ್ಕ ನೋಡಬೇಕು: ಕೆಲಸದ ಅರ್ಧ ಭಾಗ ಸರದಿಯಲ್ಲೇ ನಡೆಯಬೇಕಾದರೆ ಎಷ್ಟು ಕೋರ್ ಸೇರಿಸಿದರೂ ವೇಗ ಎರಡು ಪಟ್ಟು ದಾಟದು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಎರಡು ಕೋರಿನ ಚಿಪ್ಪುಗಳು ಮನೆಯ ಕಂಪ್ಯೂಟರಿಗೆ ಬಂದದ್ದು 2005ರಲ್ಲಿ. ಅಂದರೆ ಪೇಜ್‌ಮೇಕರ್ ಬರೆದದ್ದು ಒಂದೇ ಕೋರಿನ ಕಾಲದಲ್ಲಿ. ಮದುವೆಯ 4ಕೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ ಹೆಚ್ಚಿನ ಕೋರು, ಒಳ್ಳೆಯ ಗ್ರಾಫಿಕ್ಸ್ ಕಾರ್ಡು ದಿನಕ್ಕೆ ಗಂಟೆಗಟ್ಟಲೆ ಸಮಯ ಉಳಿಸಿಕೊಡಬಹುದು. ಈ ಹುಡುಗನಿಗೆ ಅಲ್ಲ.

ನನಗೆ ನಿಜವಾದ ಚಿಂತೆ ಎಸ್‌ಎಂಪಿಎಸ್‌ನದು, ಅಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಹೊಂದುವಂತೆ ಮಾಡಿಕೊಡುವ ಭಾಗದ್ದು. ಅಗ್ಗದ ಯಂತ್ರದಲ್ಲಿ ಖರ್ಚು ಕಡಿತವಾಗುವುದು ಕಣ್ಣಿಗೆ ಬೀಳದ ಇದೇ ತಗಡಿನ ಡಬ್ಬಿಯಲ್ಲಿ. ಕರೆಂಟು ಹೋದ ಕ್ಷಣ ಯುಪಿಎಸ್ ಬ್ಯಾಟರಿಗೆ ಬದಲಾಗಲು ಸಾಮಾನ್ಯವಾಗಿ 10 ಮಿಲಿಸೆಕೆಂಡಿನೊಳಗಿನ ಅವಧಿ ಹಿಡಿಯುತ್ತದೆ. ಅಷ್ಟು ಹೊತ್ತು ಯಂತ್ರ ಬದುಕುವುದು ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ. ಒಳ್ಳೆಯದು 16 ಮಿಲಿಸೆಕೆಂಡಿನಷ್ಟು ತಾಳುತ್ತದೆ. ಸೋತ ಕೆಪಾಸಿಟರ್ ತಾಳುವುದಿಲ್ಲ. "ಯುಪಿಎಸ್ ಇದ್ರೂ ರೀಸ್ಟಾರ್ಟ್ ಆಗ್ತೈತ್ರೀ" ಎನ್ನುವ ದೂರಿನ ಬೇರು ಬಹಳ ಸಲ ಇಲ್ಲಿರುತ್ತದೆ. ಅವು ಸೋಲುವುದಕ್ಕೆ ಸೆಕೆಯೂ ಕಾರಣ: ಒಳಗಿನ ಶಾಖ 10 ಡಿಗ್ರಿ ಏರಿದರೆ ಇಂಥ ಕೆಪಾಸಿಟರ್‌ನ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜಿನ ಲೆಕ್ಕ. ಎಪ್ರಿಲ್ ಬಿಸಿಲು, ತಗಡಿನ ಮಾಡು, ಫ್ಯಾನಿಗೆ ಮೆತ್ತಿದ ಕಾಗದದ ಧೂಳು, ಮೂರೂ ಬೆಟಗೇರಿಯಲ್ಲಿವೆ. ಧೂಳು ಗಾಳಿ ತಡೆದರೆ ಲಕ್ಷದ ಯಂತ್ರವೂ ಬಚಾವಾಗದು. 95-100 ಡಿಗ್ರಿಗೆ ಬಂದ ಪ್ರೊಸೆಸರ್ ಸುಡದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಕೊನೆಗೆ ಅವನು ಆರು ಕೋರಿನ ಯಂತ್ರ, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಗ್ಯಾರಂಟಿಯಿರುವ ಎಸ್‌ಎಂಪಿಎಸ್ ಹಾಕಿಸಿಕೊಂಡ. ಲಕ್ಷ ತಲುಪಲು ಇನ್ನೂ ಬಹಳ ದೂರವಿತ್ತು. ಉಳಿದ ದುಡ್ಡಿನಲ್ಲಿ ಬಣ್ಣ ಸರಿಯಾಗಿ ತೋರಿಸುವ ಒಂದು ಐಪಿಎಸ್ ಮಾನಿಟರ್ ತೆಗೆದುಕೊಳ್ಳಲು ಹೇಳಿದೆ. ತೆರೆಯ ಮೇಲಿನ ಕೆಂಪು ಬೆಳಕಿನದು, ಕಾಗದದ ಮೇಲಿನ ಕೆಂಪು ಶಾಯಿಯದು. ಎರಡೂ ಪೂರ್ತಿ ಒಂದಾಗುವುದಿಲ್ಲ, ಆದರೆ ಅಂತರ ಕಡಿಮೆಯಾದಷ್ಟೂ ಕುಂಕುಮದ ಬಣ್ಣ ಕೆಟ್ಟು ಮತ್ತೆ ಅಚ್ಚು ಹಾಕುವ ಲಗ್ನಪತ್ರಿಕೆಗಳು ಕಡಿಮೆಯಾಗುತ್ತವೆ.