ಸಹಿ ಹಾಕಿದ ಫಾರಂ ಕೈಯಲ್ಲಿದ್ದ ಮಾತ್ರಕ್ಕೆ ಗಾಡಿ ನಿಮ್ಮದಾಗದು

ದಾವಣಗೆರೆಯಲ್ಲಿ ಹಗಲು ಗ್ಯಾರೇಜು ನಡೆಸುತ್ತ, ಸಂಜೆ ಮತ್ತು ಭಾನುವಾರಗಳಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುವ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ನೌಕರಿಯ ಜೊತೆಗೆ ಇದೇ ವ್ಯವಹಾರಕ್ಕೆ ಇಳಿಯಬೇಕೆನ್ನುವವರು ತಿಂಗಳಿಗೆ ಒಬ್ಬಿಬ್ಬರಾದರೂ ಬಂದು, ಕಡಿಮೆ ಬೆಲೆಗೆ ಗಾಡಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಗಾಡಿಗೇನೂ ಬರವಿಲ್ಲ. ಮೇ, ಜೂನ್ ತಿಂಗಳಲ್ಲಿ ವರ್ಗವಾಗಿ ಹೋಗುವ ಬ್ಯಾಂಕ್ ನೌಕರರಿಂದ, ಷೋರೂಮಿನವರು ಹೇಳಿದ ಎಕ್ಸ್‌ಚೇಂಜ್ ಬೆಲೆ ಒಪ್ಪದವರಿಂದ, ಕಂತು ಕಟ್ಟದೆ ಜಪ್ತಿಯಾದ ಗಾಡಿಗಳ ಹರಾಜಿನಿಂದ ಬರುತ್ತಲೇ ಇರುತ್ತವೆ. ಗಾಡಿ ಪರೀಕ್ಷಿಸುವುದನ್ನೂ ಹೊಸಬರು ಬೇಗ ಕಲಿಯುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆಯಿದೆಯೇ ಎಂದು ನೋಡುವುದನ್ನು ಒಮ್ಮೆ ತೋರಿಸಿದರೆ ಸಾಕು, ನೆರೆನೀರಿನಲ್ಲಿ ಮುಳುಗಿದ ಗಾಡಿಯನ್ನು ಬಹುಮಟ್ಟಿಗೆ ಗುರುತಿಸುತ್ತಾರೆ. ಆದರೆ ಎಷ್ಟು ತಿಳಿಹೇಳಿದರೂ ಬಿಡದಿರುವ ಅಭ್ಯಾಸವೊಂದಿದೆ. ಮಾಲೀಕತ್ವ ವರ್ಗಾಯಿಸಲು ಆರ್‌ಟಿಒ ಕಚೇರಿಗೆ ಕೊಡುವ ಫಾರಂ 29 ಮತ್ತು 30ರ ಖಾಲಿ ಪ್ರತಿಗಳಿಗೆ ಮಾಲೀಕರ ಸಹಿ ಹಾಕಿಸಿಕೊಂಡು, ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಹೆಸರು ಬದಲಾಯಿಸದೆ, ಗಾಡಿಯನ್ನು ತಂದು ಮನೆಯ ಮುಂದೆ ನಿಲ್ಲಿಸಿಕೊಳ್ಳುತ್ತಾರೆ.

ಹೀಗೇಕೆ ಮಾಡುತ್ತಾರೆಂಬುದು ನನಗೆ ಗೊತ್ತು. ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಸೆಕೆಂಡ್ ಓನರ್ ಗಾಡಿ ಮಾರುವ ಹೊತ್ತಿಗೆ ಥರ್ಡ್ ಓನರ್ ಆಗಿ ಬೆಲೆ ಇಳಿಯುತ್ತದೆ. ಆ ಇಳಿಕೆ ನಿಜವಾದದ್ದೇ.

ಆದರೂ ಈ ವಿಷಯವನ್ನು ಮತ್ತೆ ಮತ್ತೆ ಹೇಳಲೇಬೇಕಾಗಿದೆ. ಸಹಿಯಾದ ಫಾರಂ ಒಂದು ಅರ್ಜಿ ಮಾತ್ರ. ಅದು ಆರ್‌ಟಿಒ ಕಚೇರಿಗೆ ಸಲ್ಲಿಕೆಯಾಗಿ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಗಾಡಿಯ ಹೊಣೆ ಹಳೆಯ ಮಾಲೀಕರ ತಲೆಯ ಮೇಲೆಯೇ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ವರದಿ ಮಾಡಬೇಕು. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಇದನ್ನು ಕೇಳಿದ ಕೂಡಲೇ, ಹಾಗಾದರೆ ತೊಂದರೆ ಹಳೆಯ ಮಾಲೀಕರಿಗೆ ತಾನೇ ಎನ್ನುವವರಿದ್ದಾರೆ. ನಂಬಿ ಕೀ ಕೊಟ್ಟವರ ಬಗ್ಗೆ ಹಾಗೆ ಮಾತನಾಡುವುದು ನನಗೆ ಸಹ್ಯವಾಗುವುದಿಲ್ಲ. ಅದಲ್ಲದೆ ಲೆಕ್ಕವೂ ತಪ್ಪು: ಗಾಡಿ ಕೈಬದಲಾದಾಗ ವಿಮೆಯಲ್ಲಿ ತಾನಾಗಿ ವರ್ಗವಾಗುವುದು ಮೂರನೆಯವರಿಗೆ ಆದ ಹಾನಿಯ ಭಾಗವಷ್ಟೇ. ಪಾಲಿಸಿ ನಿಮ್ಮ ಹೆಸರಿಗೆ ಬಾರದೆ ನಿಮ್ಮ ಕೈಯಲ್ಲಿ ಗಾಡಿ ಜಖಂ ಆದರೆ ಅಥವಾ ಕಳುವಾದರೆ, ನೀವು ಹಾಕಿದ ಹಣಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯ ಶಿಕ್ಷಕರೊಬ್ಬರು ಹರಿಹರದ ನಿವೃತ್ತ ನೌಕರರ ವ್ಯಾಗನ್ ಆರ್ ಕಾರನ್ನು ಬ್ರೋಕರ್ ಮೂಲಕ ಕೊಂಡಿದ್ದರು. ಫಾರಮಿನಲ್ಲಿ ಸಹಿಯಿತ್ತು, ದಿನಾಂಕವಿರಲಿಲ್ಲ. ಮೂರು ವಾರದಲ್ಲಿ ಮಾಲೀಕರು ತೀರಿಕೊಂಡರು. ಗಿರಾಕಿ ಸಿಕ್ಕ ಮೇಲೆ ಅರ್ಜಿ ಹಾಕಲು ಹೋದರೆ ಒಟಿಪಿ ತೀರಿಕೊಂಡವರ ಮೊಬೈಲಿಗೆ ಹೋಯಿತು. ಹಿಂದಿನ ದಿನಾಂಕ ಬರೆದು ಹೇಗಾದರೂ ಮಾಡಿಸೋಣ ಎಂದು ಬ್ರೋಕರ್ ಹೇಳಿದಾಗ ಶಿಕ್ಷಕರು ಹೆದರಿ ನನ್ನ ಬಳಿಗೆ ಬಂದರು. ಅದು ಸುಳ್ಳು ದಾಖಲೆಯಾಗುತ್ತದೆಂದು ಹೇಳಿ, ಅವರನ್ನು ಕರೆದುಕೊಂಡು ಆ ಮನೆಗೆ ಹೋದೆ. ಆ ತಾಯಿ ಗಂಡನ ಮೊಬೈಲನ್ನು ಸೆರಗಿನಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. “ಗಾಡಿ ಕೊಟ್ಟಾಯ್ತು ಅಂತ ಅವರು ಹೇಳಿದ್ರಲ್ಲ ಮೇಷ್ಟ್ರೇ, ಮತ್ತೆ ನನ್ನ ಸಹಿ ಯಾಕೆ?” ಎಂದರು. ಕಾರಿನ ಎರಡನೆಯ ಕೀ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿತ್ತು. ಅದನ್ನು ಕೇಳಿ ಪಡೆಯುವಷ್ಟು ವ್ಯವಧಾನವೂ ಬ್ರೋಕರಿಗೆ ಇರಲಿಲ್ಲ. ಮರಣ ಪ್ರಮಾಣಪತ್ರ, ಪುಣೆಯಲ್ಲಿದ್ದ ಮಗನ ಒಪ್ಪಿಗೆ, ಮಾಲೀಕರು ತೀರಿಕೊಂಡಾಗ ಸಲ್ಲಿಸುವ ಫಾರಂ 31ರ ಮೂಲಕ ಮೊದಲು ಆ ತಾಯಿಯ ಹೆಸರಿಗೆ, ಅನಂತರ ಶಿಕ್ಷಕರ ಹೆಸರಿಗೆ ಎನ್ನುವಷ್ಟರಲ್ಲಿ ಐದು ತಿಂಗಳು ಕಳೆದವು, ಗಿರಾಕಿ ಬೇರೆ ಗಾಡಿ ಕೊಂಡಿದ್ದರು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮಗಳಲ್ಲಿ ಹಳೆಯ ಮಾಲೀಕರ ತಲೆಯಿಂದ ಈ ಹೊಣೆ ಇಳಿಸಲು ಒಂದು ದಾರಿಯಿದೆ. ಅಧಿಕಾರಪತ್ರ ಪಡೆದ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಿದರೆ, ಗಾಡಿ ಅವರ ವಶದಲ್ಲಿರುವಷ್ಟು ಕಾಲ ಡೀಲರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ವರ್ಷಕ್ಕೆ ನಾಲ್ಕಾರು ಗಾಡಿ ಮಾರಿದರೂ ಅದು ವ್ಯಾಪಾರವೇ ಆಗಬಹುದಾದ್ದರಿಂದ, ಅಧಿಕಾರಪತ್ರದ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ, ಜಿಎಸ್‌ಟಿಯ ಬಗ್ಗೆ ಲೆಕ್ಕಪರಿಶೋಧಕರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ನಾನಂತೂ ಆರ್‌ಸಿಯಲ್ಲಿ ಹೆಸರಿರುವವರು ಎದುರಿಗೆ ಕೂರದೆ ಮುಂಗಡ ಕೊಡುವುದಿಲ್ಲ. ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬಂದ ಮೇಲೆಯೇ ಉಳಿದ ಹಣ. ಗಾಡಿ ಒಪ್ಪಿಸಿದ ದಿನದ ಜೊತೆಗೆ ಗಂಟೆ, ನಿಮಿಷವನ್ನೂ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಅದೇ ಸಂಜೆ ಯಾವುದಾದರೂ ಸಿಗ್ನಲಿನಲ್ಲಿ ದಂಡ ಬಿದ್ದರೆ ಅದು ಯಾರದೆಂದು ಆಮೇಲೆ ವಾದಿಸಬೇಕಾಗಿಲ್ಲ. ಓನರ್ ಸಂಖ್ಯೆ ಹೆಚ್ಚಿ ಬೆಲೆ ಎಷ್ಟು ಇಳಿಯುತ್ತದೆಂಬುದನ್ನು ಕೊಳ್ಳುವಾಗಲೇ ಲೆಕ್ಕ ಹಾಕಿ, ಅಷ್ಟು ಕಡಿಮೆಗೆ ಕೇಳಬೇಕು. ಆ ಬೆಲೆಗೆ ಗಿಟ್ಟದಿದ್ದರೆ ಗಾಡಿಯನ್ನು ಬಿಟ್ಟುಬಿಡಿ. ಮುಂದಿನ ಭಾನುವಾರ ಇನ್ನೊಂದು ಬಂದೇ ಬರುತ್ತದೆ.