ಚರ್ಚ್ ಕಟ್ಟಿದ ಕಾಲೇಜಿಗೆ ದುಡ್ಡು ಎಲ್ಲಿಂದ ಬಂತು?

ಬೆಂಗಳೂರಿನ ರಿಚ್ಮಂಡ್ ಟೌನ್ ಕಡೆ ಓಡಾಡಿದವರಿಗೆ ಬಾಲ್ಡ್ವಿನ್ ಶಾಲೆಗಳು ಗೊತ್ತು. 1880ರಲ್ಲಿ ಶುರುವಾದ ಆ ಶಾಲೆಗಳಿಗೆ ಹೆಸರು ಬಂದದ್ದು ದಾನ ಕೊಟ್ಟ ಜಾನ್ ಬಾಲ್ಡ್ವಿನ್ ಅವರಿಂದ. ಇವರು ಅಮೆರಿಕದ ಓಹಾಯೊ ರಾಜ್ಯದ ಬೆರಿಯಾ ಎಂಬ ಊರಿನವರು, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡದವರು. ಅಲ್ಲಿನ ಮರಳುಗಲ್ಲು ಕಡಿಸಿ, ಸಾಣೆಕಲ್ಲು ಮಾಡಿ ಮಾರುತ್ತಿದ್ದರು. ಅದೇ ದುಡ್ಡಿನಲ್ಲಿ 1845ರಲ್ಲಿ ತಮ್ಮೂರಲ್ಲೂ ಒಂದು ವಿದ್ಯಾಸಂಸ್ಥೆ ತೆರೆದರು. ಹೆಣ್ಣುಮಕ್ಕಳಿಗೂ ಕಪ್ಪು ಜನರಿಗೂ ಅಲ್ಲಿ ಪ್ರವೇಶವಿತ್ತು. ಈಗಿನ ಬಾಲ್ಡ್ವಿನ್ ವಾಲೇಸ್ ವಿಶ್ವವಿದ್ಯಾಲಯದ ಬೇರು ಅದು.

ಚರ್ಚುಗಳು ಹೀಗೆ ಹುಟ್ಟುಹಾಕಿದ ಸಣ್ಣ ಕಾಲೇಜುಗಳು ಅಮೆರಿಕದಲ್ಲಿ ಇಂದಿಗೂ ನೂರಾರು ಇವೆ. ಆದರೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ. 2020ರಲ್ಲಿ ಇಲಿನಾಯ್‌ನ ಮ್ಯಾಕ್‌ಮರ್ರಿ ಮುಚ್ಚಿತು. 2023ರಲ್ಲಿ ಅಯೋವಾ ವೆಸ್ಲಿಯನ್, ಅದೇ ವರ್ಷ ಮಿಶಿಗನ್‌ನ ಫಿನ್ಲಾಂಡಿಯಾ. 2024ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸದರ್ನ್. ಜನರಲ್ಲಿ ಭಕ್ತಿ ಕಡಿಮೆಯಾಯಿತು ಅಂತ ಕೆಲವರು ಹೇಳುತ್ತಾರೆ. ಫೀಸು ಅತಿಯಾಯಿತು, ಮಕ್ಕಳು ಹುಟ್ಟುವುದೇ ಕಡಿಮೆಯಾಯಿತು ಅಂತ ಇನ್ನು ಕೆಲವರು. ಎಲ್ಲದರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಗೋಜಲು ಬಿಡಿಸಬೇಕಾದರೆ ಒಂದೇ ಪ್ರಶ್ನೆ ಹಿಡಿದು ಹಿಂದಕ್ಕೆ ಹೋಗಬೇಕು: ಈ ಕಾಲೇಜುಗಳನ್ನು ಆಯಾ ಕಾಲಕ್ಕೆ ಸಾಕಿದವರು ಯಾರು?

ಅದಕ್ಕೂ ಮೊದಲು, ಅಲ್ಲಿ ಓದುವುದು ಅಂದರೆ ಏನು ಅಂತ ಹೇಳಬೇಕು. ನಮ್ಮಲ್ಲಿ ಪಿಯುಸಿಗೆ ಸೇರುವಾಗಲೇ ಸೈನ್ಸೋ ಕಾಮರ್ಸೋ ತೀರ್ಮಾನ ಆಗಿಬಿಡುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯವರೆಗೂ ಸಮಯವಿರುತ್ತದೆ. ಜೀವಶಾಸ್ತ್ರ ಓದುವವಳು ಇತಿಹಾಸವನ್ನೂ ತತ್ವಶಾಸ್ತ್ರವನ್ನೂ ಓದುತ್ತಾಳೆ. ಎಷ್ಟೋ ಕಡೆ ಧರ್ಮದ ಬಗ್ಗೆ ಒಂದು ಪಾಠ ಕಡ್ಡಾಯ. ಸಂಜೆ ಕ್ವಾಯರ್‌ನಲ್ಲಿ, ಅಂದರೆ ಸಮೂಹಗಾನದ ತಂಡದಲ್ಲಿ, ಹಾಡುತ್ತಾಳೆ. ತರಗತಿಯಲ್ಲಿ ಹದಿನೈದು ಇಪ್ಪತ್ತು ಮಂದಿ, ಮೇಷ್ಟ್ರಿಗೆ ಎಲ್ಲರ ಹೆಸರೂ ಗೊತ್ತು. ಬೆಳಗಿನ ಪ್ರಾರ್ಥನೆ ಒಂದು ಕಾಲದಲ್ಲಿ ಎಲ್ಲರಿಗೂ ಕಡ್ಡಾಯವಾಗಿತ್ತು. ಈಗ ಬಹುತೇಕ ಕಡೆ ಬೇಕಾದವರು ಹೋಗಬಹುದು. ಇಲಿನಾಯ್‌ನ ವೀಟನ್‌ನಂಥ ಕೆಲವು ಕಡೆ ಮಾತ್ರ ಕ್ರೈಸ್ತ ನಡತೆಯ ಒಪ್ಪಂದಕ್ಕೆ ವಿದ್ಯಾರ್ಥಿಗಳು ಇಂದಿಗೂ ಸಹಿ ಹಾಕಬೇಕು. ಇಂಥ ಓದಿಗೆ ಖರ್ಚು ಜಾಸ್ತಿ. ಇನ್ನೂರು ಮಂದಿಗೆ ಒಂದೇ ಸಲ ಪಾಠ ಹೇಳಿದರೆ ಉಳಿಯುವ ದುಡ್ಡು ಇಲ್ಲಿ ಉಳಿಯುವುದಿಲ್ಲ.

ಶುರುವಿನಲ್ಲಿ ಈ ಖರ್ಚನ್ನು ಹೊತ್ತದ್ದು ಚರ್ಚಿನ ಜನ. 1636ರಲ್ಲಿ ಹಾರ್ವರ್ಡ್ ಹುಟ್ಟಿದ್ದೂ ಪಾದ್ರಿಗಳನ್ನು ತಯಾರು ಮಾಡುವ ಆಸೆಯಿಂದಲೇ. 1819ರಲ್ಲಿ ಡಾರ್ಟ್‌ಮತ್ ಕಾಲೇಜಿನ ಮೊಕದ್ದಮೆಯ ತೀರ್ಪು ಬಂತು. ಖಾಸಗಿ ಕಾಲೇಜಿನ ಸನದನ್ನು ಸರ್ಕಾರ ತನಗೆ ಬೇಕಾದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. "ಅದು ಸಣ್ಣ ಕಾಲೇಜು, ಆದರೂ ಅದನ್ನು ಪ್ರೀತಿಸುವವರಿದ್ದಾರೆ" ಎಂದು ವಕೀಲ ಡೇನಿಯಲ್ ವೆಬ್‌ಸ್ಟರ್ ವಾದಿಸಿದರಂತೆ. ನಂತರ ಜನ ಪಶ್ಚಿಮಕ್ಕೆ ವಲಸೆ ಹೋದಂತೆಲ್ಲ ಊರೂರಿಗೆ ಕಾಲೇಜು ಬಂತು. ನಾರ್ವೆಯ ಲೂಥರನ್ನರದು ಒಂದು, ಸ್ವೀಡನ್ನಿನವರದು ಇನ್ನೊಂದು, ಕ್ವೇಕರ್ ಪಂಗಡದವರದು ಮತ್ತೊಂದು. ಮಿನೆಸೋಟದ ನಾರ್ತ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ 1866ರಲ್ಲಿ ಕಾಂಗ್ರಿಗೇಷನಲ್ ಪಂಗಡದವರು ಕಾರ್ಲ್‌ಟನ್ ಕಾಲೇಜು ಕಟ್ಟಿದರು. ಎಂಟೇ ವರ್ಷಕ್ಕೆ ಅದೇ ಊರಲ್ಲಿ ನಾರ್ವೆಯವರು ಸೇಂಟ್ ಓಲಾಫ್ ಕಟ್ಟಿದರು. ರೈತರು ಜಮೀನು ಕೊಟ್ಟರು, ಪಾದ್ರಿಗಳು ಊರೂರು ಸುತ್ತಿ ಚಂದಾ ಎತ್ತಿದರು.

ಆಗಲೂ ಕೈ ಬರಿದೇ. 1850ರ ಸುಮಾರಿಗೆ ಹಲವು ಕಾಲೇಜುಗಳು ಒಂದು ಉಪಾಯ ಮಾಡಿದವು. ಈಗ ಇಂತಿಷ್ಟು ಡಾಲರ್ ಕೊಡಿ, ಮುಂದೆ ಎಷ್ಟೋ ವರ್ಷ ನಿಮ್ಮ ಮನೆಯ ಹುಡುಗನಿಗೆ ಫೀಸಿಲ್ಲದ ಸೀಟು ಎಂದು ಪತ್ರ ಮಾರಿದವು. ಬಂದ ದುಡ್ಡು ಬೇಗ ಕರಗಿತು. ಪತ್ರ ಹಿಡಿದು ಸೀಟು ಕೇಳುವವರು ಮಾತ್ರ ಬರುತ್ತಲೇ ಇದ್ದರು. ಈ ಕಥೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1905ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಮೇಷ್ಟ್ರುಗಳ ಪಿಂಚಣಿಗೆ ಒಂದು ಕೋಟಿ ಡಾಲರ್ ಕೊಟ್ಟರು. ಪಂಗಡದ ಹಿಡಿತದಲ್ಲಿರುವ ಕಾಲೇಜಿಗೆ ಅದು ಸಿಗುವಂತಿರಲಿಲ್ಲ. ಕೆಲವು ಕಾಲೇಜುಗಳು ಚರ್ಚಿನ ನಂಟನ್ನೇ ಕಳಚಿಕೊಂಡವು. ನಂಟು ಉಳಿಸಿಕೊಂಡವರಿಗೆ ಮುಂದೆ ದೊಡ್ಡ ಆಸರೆಯಾದದ್ದು ಸರ್ಕಾರ. ಓದಿನ ಖರ್ಚು ಕೊಡುವ 1944ರ ಕಾಯ್ದೆಯಿಂದ ಯುದ್ಧ ಮುಗಿಸಿ ಬಂದ ಸೈನಿಕರು ಕಾಲೇಜಿಗೆ ಬಂದರು. 1965ರಲ್ಲಿ ಉನ್ನತ ಶಿಕ್ಷಣ ಕಾಯ್ದೆ, 1972ರಲ್ಲಿ ಬಡ ವಿದ್ಯಾರ್ಥಿಗಳಿಗೆ ಈಗ ಪೆಲ್ ಗ್ರ್ಯಾಂಟ್ ಎನ್ನುವ ನೆರವು ಬಂತು. ದುಡ್ಡು ಕಾಲೇಜಿಗಲ್ಲ, ವಿದ್ಯಾರ್ಥಿಯ ಹೆಸರಿಗೆ. ಅವನು ಆರಿಸಿದ ಕಾಲೇಜು ಚರ್ಚಿನದಾದರೂ ಅಡ್ಡಿಯಿಲ್ಲ. ಒಳ್ಳೆಯದೇ ಆಯಿತು. ಆದರೆ ಅಲ್ಲಿಂದಾಚೆಗೆ ಕಾಲೇಜಿನ ಉಳಿವು ಪ್ರತಿ ವರ್ಷ ಎಷ್ಟು ಮಕ್ಕಳು ಸೇರುತ್ತಾರೆ ಎಂಬುದರ ಮೇಲೆ ನಿಂತಿತು. ಚರ್ಚಿನ ಹೆಸರು ಬೋರ್ಡಿನ ಮೇಲೆ ಉಳಿಯಿತು. ಖರ್ಚಿನಲ್ಲಿ ಚರ್ಚಿನ ಪಾಲು ಸಣ್ಣದಾಗುತ್ತಾ ಹೋಯಿತು.

ನಿಜವಾದ ತೊಡಕು ಇಲ್ಲಿಂದ ಶುರು. ಮಕ್ಕಳನ್ನು ಸೆಳೆಯಲು ಕಾಲೇಜುಗಳು ಫೀಸಿನಲ್ಲಿ ರಿಯಾಯಿತಿ ಕೊಡತೊಡಗಿದವು. ಉದಾಹರಣೆಗೆ, ವರ್ಷದ ಫೀಸು 50,000 ಡಾಲರ್ ಎಂದಿಟ್ಟುಕೊಳ್ಳಿ. ಮಗಳಿಗೆ 28,000 ಡಾಲರ್ ಸ್ಕಾಲರ್‌ಶಿಪ್ ಬಂದಿದೆ ಎಂದು ಪತ್ರ ಬರುತ್ತದೆ. ಅಪ್ಪ ಅಮ್ಮನಿಗೆ ಹೆಮ್ಮೆ, ಸಹಜ ಅಲ್ವಾ? ಆದರೆ ಆ 28,000 ಹೆಚ್ಚಿನ ಸಲ ಯಾವ ದತ್ತಿಯಿಂದಲೂ, ಅಂದರೆ ದಾನಿಗಳು ಕೊಟ್ಟು ಹೂಡಿಕೆಯಲ್ಲಿಟ್ಟ ದುಡ್ಡಿನಿಂದಲೂ, ಬಂದಿರುವುದಿಲ್ಲ. ಕಾಲೇಜು ಅಷ್ಟು ದುಡ್ಡನ್ನು ಬಿಟ್ಟುಕೊಟ್ಟಿರುತ್ತದೆ, ಅಷ್ಟೇ. ಪಕ್ಕದ ಕಾಲೇಜು 30,000 ಬಿಟ್ಟರೆ ಇದೂ ಬಿಡಬೇಕು. ಬಿಟ್ಟದ್ದನ್ನು ತುಂಬಿಕೊಳ್ಳಲು ಮರುವರ್ಷ ಹೊರಗೆ ಹೇಳುವ ಪೂರ್ತಿ ಫೀಸು ಏರಿಸಬೇಕು. ಏರಿದ ಫೀಸು ನೋಡಿ ಬಡವರ ಮನೆಯವರು ಅರ್ಜಿಯನ್ನೇ ಹಾಕುವುದಿಲ್ಲ. ಈಚಿನ ವರ್ಷಗಳಲ್ಲಿ ಖಾಸಗಿ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಸಿಗುವ ರಿಯಾಯಿತಿ ಸರಾಸರಿ ಅರ್ಧಕ್ಕಿಂತ ಜಾಸ್ತಿ. 1850ರ ಆ ಪತ್ರಗಳ ಹಾಗೆಯೇ ಇದೂ ಇವತ್ತಿನ ಕಷ್ಟವನ್ನು ನಾಳೆಗೆ ಮುಂದೂಡುವ ದಾರಿ. ಒಂದು ಕಾಲೇಜು ಮಾತ್ರ ಇದನ್ನು ನಿಲ್ಲಿಸಿದರೆ ಮಕ್ಕಳು ಪಕ್ಕದ ಕಾಲೇಜಿಗೆ ಹೋಗುತ್ತಾರೆ. ಹಾಗಾಗಿ ನಿಲ್ಲಿಸಿದವರು ಕಡಿಮೆ.

ದೊಡ್ಡ ದತ್ತಿಯಿದ್ದವರು ತಡೆದುಕೊಂಡರು. ಅಯೋವಾದ ಗ್ರಿನ್ನೆಲ್ ಕಾಲೇಜಿನಲ್ಲಿ ಓದಿದ ರಾಬರ್ಟ್ ನಾಯ್ಸ್, ಪಾದ್ರಿಯ ಮಗ, ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಶುರುವಿನಲ್ಲೇ ಕಾಲೇಜು ಆ ಕಂಪನಿಯಲ್ಲಿ ದುಡ್ಡು ಹೂಡಿತು. ಇವತ್ತು ಅದರ ದತ್ತಿ 200 ಕೋಟಿ ಡಾಲರ್‌ಗೂ ಮೇಲೆ. ಅದೇ ರಾಜ್ಯದ ಅಯೋವಾ ವೆಸ್ಲಿಯನ್ ಹುಟ್ಟಿದ್ದು 1842ರಲ್ಲಿ, ಗ್ರಿನ್ನೆಲ್‌ಗಿಂತಲೂ ಮೊದಲು. ಅದಕ್ಕೆ ಇಂಥ ಅದೃಷ್ಟ ಬರಲಿಲ್ಲ. ಪಾಠ ಹೇಳುವುದರಲ್ಲಿ ಯಾರು ಮೇಲು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನನಗೆ ತುಂಬ ನೋವಾಗುವುದು ಇದೇ ಜಾಗದಲ್ಲಿ.

2008ರ ಆರ್ಥಿಕ ಕುಸಿತ ಎರಡು ಸಲ ಹೊಡೆಯಿತು. ಆಗಲೇ ದತ್ತಿಗಳು ಕರಗಿದವು. ಜೊತೆಗೆ ಹುಟ್ಟುವ ಮಕ್ಕಳೂ ಕಡಿಮೆಯಾದರು. 2007ರಲ್ಲಿ ಅಮೆರಿಕದಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದ್ದರು, ಆಮೇಲೆ ಆ ಸಂಖ್ಯೆ ಇಳಿಯುತ್ತಾ ಬಂತು. ಆಗ ಹುಟ್ಟದ ಮಕ್ಕಳ ಕೊರತೆ ಹದಿನೆಂಟು ವರ್ಷದ ಮೇಲೆ, ಅಂದರೆ ಈಗ, ಕಾಲೇಜಿನ ಬಾಗಿಲಿಗೆ ಬಂದಿದೆ. ನಡುವೆ ಕೋವಿಡ್ ಬೇರೆ.

ಬರ್ಮಿಂಗ್‌ಹ್ಯಾಮ್ ಸದರ್ನ್ ಮೆಥಡಿಸ್ಟರ ಕಾಲೇಜು, 1856ರಿಂದ ಬಂದದ್ದು. ಕಟ್ಟಡಗಳಿಗೆ ಸಾಲ ಮಾಡಿತ್ತು, ದತ್ತಿ ಇಳಿದಿತ್ತು. ರಾಜ್ಯದ ಸಾಲ ಸಿಗಲಿಲ್ಲ. 2024ರ ಮೇ 31ಕ್ಕೆ ಬಾಗಿಲು ಹಾಕಿತು. ಆ ದಿನ ಅದರ ಬೇಸ್‌ಬಾಲ್ ತಂಡ ಓಹಾಯೊದಲ್ಲಿ ರಾಷ್ಟ್ರಮಟ್ಟದ ಪಂದ್ಯ ಆಡುತ್ತಿತ್ತು. ಕಾಲೇಜೇ ಇಲ್ಲದ ತಂಡವಾಗಿ ಹುಡುಗರು ಮುಂದಿನ ಪಂದ್ಯಕ್ಕೂ ಇಳಿದರು.

ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಮನೆಗಳಿಗೂ ಇಂಥ ಕಾಲೇಜುಗಳ ಪತ್ರ ಬರುತ್ತದೆ. ಸುಮ್ನೆ ಹೆದರಿ ಅವನ್ನು ಬದಿಗಿಡಬೇಡಿ. ಅಲ್ಲಿ ಸಿಗುವ ಓದು ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಲಾಭಕ್ಕಲ್ಲದ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ಫಾರ್ಮ್ 990 ಬಹುಪಾಲು ಕಾಲೇಜುಗಳದ್ದು ಯಾರು ಬೇಕಾದರೂ ನೋಡಬಹುದು. ಆದಾಯ, ಖರ್ಚು, ಸಾಲ ಎಲ್ಲ ಅದರಲ್ಲಿರುತ್ತದೆ. ಮೂರು ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಈ ವರ್ಷ ಎಷ್ಟು ಮಂದಿ ಸೇರಿದರು, ಐದು ವರ್ಷದ ಹಿಂದೆ ಎಷ್ಟಿದ್ದರು ಎಂದು ಪ್ರವೇಶ ಕಚೇರಿಯಲ್ಲಿ ನೇರವಾಗಿ ಕೇಳಿ. ಕೊಟ್ಟ ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಇರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.