ತೂಕ ಬೇರೆ, ರೇಟು ಬೇರೆ

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಬಂದು ನಮ್ಮ ಲಾಟಿಗೆ ಕೈ ಹಾಕಿ ಒಂದು ಹಿಡಿ ರೇಷ್ಮೆ ಗೂಡು ಎತ್ತುತ್ತಿದ್ದರು. ಹೆಬ್ಬೆರಳಲ್ಲಿ ಒತ್ತಿ ನೋಡುವರು, ಕಿವಿ ಹತ್ತಿರ ತಂದು ಅಲ್ಲಾಡಿಸುವರು. ಆಮೇಲೆ ರೇಟು ಹೇಳುವರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಆದರೆ ತೂಕದ ವಿಷಯಕ್ಕೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಅದು ತಕ್ಕಡಿ ಕೆಲಸ.

ಮೊನ್ನೆ ಊರಿಗೆ ಹೋದಾಗ ಮೊಬೈಲಲ್ಲಿ ಐಸ್ ಮೇಲಿನ ಫಿಗರ್ ಸ್ಕೇಟಿಂಗ್ ನೋಡುತ್ತಿದ್ದೆ. ಅಪ್ಪನೂ ಪಕ್ಕ ಬಂದು ಕೂತರು. ಹುಡುಗನೊಬ್ಬ ನಾಲ್ಕು ಸುತ್ತಿನ ಜಿಗಿತ ಜಿಗಿದು ದಬ್ ಅಂತ ಬಿದ್ದ. ಪರದೆ ಮೂಲೆಯಲ್ಲಿ ಅಂಕ ಏರಿತು. "ಬಿದ್ದೋನಿಗೂ ನಂಬರ್ ಕೊಡ್ತಾರೇನಮ್ಮ?" ಅಂದರು ಅಪ್ಪ.

ಕೊಡುತ್ತಾರೆ. ಯಾಕೆ ಅಂತ ಹೇಳೋಕೆ ಗೂಡಿನ ಮಾರ್ಕೆಟ್ಟೇ ನೆನಪಾಯಿತು.

ಇಲ್ಲೂ ತೂಕ, ರೇಟು ಎರಡೂ ಬೇರೆ ಬೇರೆ. ಮೂವರ ತಾಂತ್ರಿಕ ತಂಡ ಒಂದಿರುತ್ತದೆ. ಆಟಗಾರ ಏನು ಮಾಡಿದ ಅನ್ನುವುದನ್ನಷ್ಟೇ ಅವರು ಗುರುತಿಸುತ್ತಾರೆ. ಯಾವ ಜಿಗಿತ, ಎಷ್ಟು ಸುತ್ತು, ಪೂರ್ತಿ ತಿರುಗಿದನಾ ಇಲ್ಲವಾ. ಪ್ರತಿ ಜಿಗಿತಕ್ಕೂ ಮೊದಲೇ ಗೊತ್ತು ಮಾಡಿದ ಬೆಲೆ ಇದೆ. ನಾಲ್ಕು ಸುತ್ತಿನ ಲುಟ್ಜ್ ಅನ್ನುವ ಜಿಗಿತಕ್ಕೆ 11.50, ಮೂರು ಸುತ್ತಿನ ಲುಟ್ಜ್‌ಗೆ 5.90. ಅದನ್ನು ಎಷ್ಟು ಚೆನ್ನಾಗಿ ಮಾಡಿದ ಅನ್ನುವುದನ್ನು ಬೇರೆ ತೀರ್ಪುಗಾರರು ನೋಡುತ್ತಾರೆ. ಒಲಿಂಪಿಕ್ಸ್‌ನಲ್ಲಿ ಅವರು 9 ಜನ. ಒಬ್ಬೊಬ್ಬರೂ ಮೈನಸ್ 5ರಿಂದ ಪ್ಲಸ್ 5ರವರೆಗೆ ಕೊಡಬಹುದು. ಒಂದೊಂದು ಮೆಟ್ಟಿಲಿಗೂ ಆ ಜಿಗಿತದ ಬೆಲೆಯ ಶೇಕಡಾ 10 ಕೂಡುತ್ತದೆ, ಇಲ್ಲವೇ ಕಳೆಯುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಸುತ್ತಿನ ಒಂದು ಲುಟ್ಜ್‌ಗೆ ಏಳು ಜನ 3, 3, 3, 2, 4, 3, 3 ಕೊಟ್ಟರು ಅಂದುಕೊಳ್ಳಿ. ಮಿಕ್ಕ ಇಬ್ಬರಲ್ಲಿ ಒಬ್ಬರು ಮನಸೋತು 5 ಕೊಟ್ಟರು, ಇನ್ನೊಬ್ಬರು ಸೊನ್ನೆ. ಅತಿ ಜಾಸ್ತಿ ಒಂದನ್ನು, ಅತಿ ಕಡಿಮೆ ಒಂದನ್ನು ತೆಗೆದುಹಾಕುತ್ತಾರೆ. ಉಳಿದ ಏಳರ ಸರಾಸರಿ 3. ಅಂದರೆ 3.45 ಸೇರಿ ಒಟ್ಟು 14.95. ಒಬ್ಬರ ಪ್ರೀತಿಯಾಗಲಿ ಒಬ್ಬರ ಸಿಟ್ಟಾಗಲಿ ಇಲ್ಲಿ ಜಾಸ್ತಿ ನಡೆಯಲ್ಲ. ನನಗೆ ಈ ಪದ್ಧತಿಯಲ್ಲಿ ತುಂಬಾ ಇಷ್ಟವಾದದ್ದು ಇದೇ.

ಇನ್ನು ಬಿದ್ದ ಹುಡುಗ. ಅವನದು ಲುಟ್ಜ್ ಆಗಿದ್ದು, ಸುತ್ತೂ ಪೂರ್ತಿ ಆಗಿದ್ದರೆ 11.50 ಅವನದೇ. ಎಲ್ಲರೂ ಮೈನಸ್ 5 ಕೊಟ್ಟರೆ ಅರ್ಧ ಹೋಗಿ 5.75 ಉಳಿಯುತ್ತದೆ. ಬಿದ್ದದ್ದಕ್ಕೆ ಇನ್ನೊಂದು ಅಂಕ ಕಡಿತ. ಕೈಗೆ ಬಂದದ್ದು 4.75. ಅದೇ ಮೂರು ಸುತ್ತನ್ನೇ ನೀಟಾಗಿ ಜಿಗಿದು ಪ್ಲಸ್ 3 ಪಡೆದಿದ್ದರೆ 7.67 ಬರುತ್ತಿತ್ತು. ಧೈರ್ಯಕ್ಕೆ ಬೆಲೆ ಇದೆ, ಆದರೆ ಬಿದ್ದರೆ ನಷ್ಟವೂ ಇದೆ.

ಮೊದಲು ಹೀಗಿರಲಿಲ್ಲ. 6.0 ಅನ್ನುವುದೇ ಪೂರ್ಣ ಅಂಕ. ಆ ಅಂಕದಿಂದ ತೀರ್ಪುಗಾರರು ಮಾಡುತ್ತಿದ್ದದ್ದು ಬರೀ ಸಾಲು ಜೋಡಿಸುವ ಕೆಲಸ: ಇವರು ಮೊದಲು, ಅವರು ಎರಡನೆಯವರು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ರಷ್ಯಾದ ಜೋಡಿ ತೀರ್ಪುಗಾರರ ಐದು-ನಾಲ್ಕರ ಮತದಲ್ಲಿ ಕೆನಡಾದ ಜೋಡಿಯನ್ನು ಸೋಲಿಸಿತು. ಒಬ್ಬ ತೀರ್ಪುಗಾರ್ತಿಯ ಮೇಲೆ ಒತ್ತಡ ಹಾಕಿದ್ದರು ಅನ್ನುವ ಗಲಾಟೆ ಎದ್ದಿತು. ಕೊನೆಗೆ ಕೆನಡಾದವರಿಗೂ ಚಿನ್ನ ಕೊಟ್ಟರು. ಅದಾದ ಮೇಲೆ 2004ರಲ್ಲಿ ಹೊಸ ಪದ್ಧತಿ ಬಂತು.

ಕುಣಿತದ ಚೆಂದಕ್ಕೆ ಬೇರೆ ಅಂಕ ಇದೆ. ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ, ಮೂರಕ್ಕೂ ತಲಾ 10ರವರೆಗೆ.

ನನ್ನ ಹೋಲಿಕೆ ಸೋಲುವ ಜಾಗ ಒಂದಿದೆ. ಇಲ್ಲಿ ತಕ್ಕಡಿಯೂ ಮನುಷ್ಯರ ಕಣ್ಣೇ. ಆಟಗಾರ ಗಾಳಿಯಲ್ಲಿರುವುದು ಸಾಮಾನ್ಯವಾಗಿ ಮುಕ್ಕಾಲು ಸೆಕೆಂಡಿಗೂ ಕಡಿಮೆ. ಕೈಗಳನ್ನು ಎದೆಗೆ ಒತ್ತಿ ಹಿಡಿದಷ್ಟೂ ತಿರುಗುವ ವೇಗ ಹೆಚ್ಚುತ್ತದೆ, ಅದಕ್ಕೇ ಅವರು ಹಾಗೆ ಮುದುಡಿಕೊಳ್ಳುವುದು. ಸುತ್ತು ಪೂರ್ತಿಯಾಗಲು ಕಾಲು ಸುತ್ತಿಗಿಂತ ಜಾಸ್ತಿ ಬಾಕಿ ಉಳಿದರೆ ಜಿಗಿತದ ಬೆಲೆ ಶೇಕಡಾ 80ಕ್ಕೆ ಇಳಿಯುತ್ತದೆ. ಅರ್ಧ ಸುತ್ತೇ ಕಮ್ಮಿಯಾದರೆ ನಾಲ್ಕು ಸುತ್ತಿನದನ್ನು ಮೂರು ಸುತ್ತು ಅಂತಲೇ ಲೆಕ್ಕ ಹಿಡಿಯುತ್ತಾರೆ. ಅದಕ್ಕೇ ತಾಂತ್ರಿಕ ತಂಡ ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡುತ್ತದೆ.

ಬೆಲೆಪಟ್ಟಿಯ ಬಗ್ಗೆಯೂ ನನ್ನದೊಂದು ತಕರಾರಿದೆ. ನಾಲ್ಕೂವರೆ ಸುತ್ತಿನ ಆಕ್ಸೆಲ್ ಅನ್ನುವ ಜಿಗಿತವನ್ನು ಸ್ಪರ್ಧೆಯಲ್ಲಿ ಮೊದಲು ಸರಿಯಾಗಿ ಇಳಿಸಿದ್ದು ಅಮೆರಿಕದ ಇಲಿಯಾ ಮಲಿನಿನ್, 2022ರಲ್ಲಿ. ಅದರ ಬೆಲೆ 12.50. ನಾಲ್ಕು ಸುತ್ತಿನ ಲುಟ್ಜ್‌ಗಿಂತ ಒಂದೇ ಅಂಕ ಜಾಸ್ತಿ! ಅಷ್ಟು ಕಷ್ಟದ ಜಿಗಿತಕ್ಕೆ ಇದು ಸಾಲದು.

ಇದೆಲ್ಲ ಕೇಳಿ ಅಪ್ಪ ಮೊಬೈಲ್ ಕೈಗೆ ತಗೊಂಡರು. ಆ ಹುಡುಗ ಬಿದ್ದ ಜಿಗಿತವನ್ನೇ ನಿಧಾನವಾಗಿ ಓಡಿಸಲು ಹೇಳಿದರು. ಎರಡು ಸಲ ನೋಡಿದರು. ಮೂರನೇ ಸಲ ಹೆಬ್ಬೆರಳಿಟ್ಟು ನಿಲ್ಲಿಸಿದರು.

"ಇಲ್ನೋಡಮ್ಮ," ಅಂದರು, "ಕಾಲು ನೆಲ ಮುಟ್ಟೈತೆ, ಇನ್ನೂ ತಿರುಗ್ತಾನೇ ಐತೆ."